ಮೂರು ಅಂಕದ ಕೈಲಾಸಂ

ಮಕ್ಕಳ ಕನ್ನಡ ಪುಸ್ತಕಗಳನ್ನು ರೂಪಿಸುವ ಹಿರಿಯರಿಗೆ, ಪ್ರಶ್ನೆಪತ್ರಿಕೆ ತೆಗೆಯುವ ಸ್ನೇಹಿತರಿಗೆ,

ನಮಸ್ಕಾರ.

ನಾನು ಪಾವಗಡ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. 22 ವರ್ಷ ಆಯಿತು. ಬರೀ ದೂರು ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ಸ್ವಲ್ಪ ದೂರೂ ಇದೆ ಅನ್ನಿ.

ಒಂದು ರಾಜ್ಯೋತ್ಸವಕ್ಕೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಬ್ಬೊಬ್ಬ ಸಾಹಿತಿಯ ಹೆಸರು ಹಂಚಿದ್ದೆ. ಪೇಟೆಯಲ್ಲಿ ಸಿಗುವ ಚಾರ್ಟಿನಲ್ಲಿ ಜ್ಞಾನಪೀಠ ಬಂದ ಎಂಟು ಜನ ಇರುತ್ತಾರೆ. ನಾಟಕಕಾರ ಟಿ.ಪಿ. ಕೈಲಾಸಂ ಇರುವುದಿಲ್ಲ. ಹೇಗಿರುತ್ತಾರೆ? ಅವರು ತೀರಿಕೊಂಡದ್ದು 1946ರಲ್ಲಿ. ಜ್ಞಾನಪೀಠ ಕೊಡೋಕೆ ಶುರು ಮಾಡಿದ್ದೇ 1965ರಲ್ಲಿ. ಹಾಗಾಗಿ ಅವರ ಹೆಸರನ್ನು ನಾನೇ ಒಂದು ಚೀಟಿಯಲ್ಲಿ ಬರೆದು ಸೇರಿಸಿದ್ದೆ. ಅದು ಮುಂದಿನ ಬೆಂಚಿನ ಒಬ್ಬ ಹುಡುಗಿಗೆ ಬಂತು.

ಪಾಪ, ಚೆನ್ನಾಗಿ ತಯಾರಾಗಿ ಬಂದಿದ್ದಳು. ಕೈ ಕಟ್ಟಿ ನಿಂತು, ಒಂದೇ ಉಸಿರಿಗೆ ಶುರು ಮಾಡಿದಳು. "ಇವರು 1884ರಲ್ಲಿ ಜನಿಸಿದರು. ಇವರಿಗೆ ಪ್ರಹಸನ ಪ್ರಪಿತಾಮಹ ಎಂಬ ಬಿರುದು ಇದೆ. ಇವರ ಪ್ರಮುಖ ಕೃತಿಗಳು ಟೊಳ್ಳುಗಟ್ಟಿ, ಹೋಂ ರೂಲು, ಬಹಿಷ್ಕಾರ..."

"ಪ್ರಹಸನ ಅಂದ್ರೇನಮ್ಮ?" ಅಂತ ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಹಿಂದಿನ ಬೆಂಚಿನಿಂದ ಒಂದು ಧ್ವನಿ ಬಂತು: "ಪ್ರಸಾದ ಮಿಸ್!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಪ್ರಹಸನ ಅಂದರೆ ನಗಿಸುವ ನಾಟಕ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯಾಕೋ ಬೇಜಾರಾಯಿತು. ಕನ್ನಡದಲ್ಲಿ ಅಷ್ಟೊಂದು ಜನರನ್ನು ನಗಿಸಿದ ಮನುಷ್ಯನ ಹೆಸರು ಹೇಳಿ ನನ್ನ ಕ್ಲಾಸಿನಲ್ಲಿ ಎದ್ದದ್ದು ಅದೊಂದೇ ನಗು. ಅದೂ ಅವರ ಮಾತಿಗೆ ಅಲ್ಲ.

ತಪ್ಪು ಆ ಹುಡುಗಿಯದ್ದಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ನಾವು ಕೇಳುವುದೇ ಹಾಗೆ ಅಲ್ವಾ: ಸಾಹಿತಿಯ ಸ್ಥಳ, ಕಾಲ, ಕೃತಿ, ಬಿರುದುಗಳನ್ನು ವಾಕ್ಯರೂಪದಲ್ಲಿ ಬರೆಯಿರಿ. ಮೂರು ಅಂಕ. ಮಕ್ಕಳಿಗೆ ಇದು ಮೊದಲೇ ಗೊತ್ತು, ಒಂಬತ್ತರಿಂದಲೇ ಉರು ಹೊಡೆಯುತ್ತಾರೆ. ಕೈಲಾಸಂ ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1884 ಇದೆ, ಕೆಲವು ಕಡೆ 1885 ಇದೆ. ಗೈಡಿನಲ್ಲಿ ಒಂದಿದ್ದು ಮಗು ಇನ್ನೊಂದು ಬರೆದರೆ ಅರ್ಧ ಅಂಕ ಹೋಯಿತು. ನಾಟಕದಲ್ಲೂ ಅಂಕ ಇರುತ್ತದೆ. ಆ ಅಂಕ ನಮಗೆ ಮರೆತೇ ಹೋಗಿದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಕೈಲಾಸಂ ಕನ್ನಡದಲ್ಲಿ ಮೊದಲು ಬರೆದ ನಾಟಕ 'ಟೊಳ್ಳುಗಟ್ಟಿ', 1918ರದ್ದು. ಅದರ ವಿಷಯವೇ ಮಾರ್ಕ್ಸು. ಒಬ್ಬ ಮಗ ಓದಿನಲ್ಲಿ ಮುಂದೆ, ಮನೆಯವರ ಕಣ್ಮಣಿ. ಇನ್ನೊಬ್ಬನಿಗೆ ಪುಸ್ತಕ ಹಿಡಿಸದು, ಆದರೆ ಮನೆಯಲ್ಲಿ ಯಾರಿಗೆ ಏನಾದರೂ ಓಡಿ ಬರುವವನು ಅವನೇ. ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರು, ಗಟ್ಟಿ ಯಾರು ಅನ್ನೋದು ಗೊತ್ತಾಗುತ್ತದೆ. ಇದನ್ನು ಬರೆದವರು ಓದಿನಲ್ಲಿ ಹಿಂದೆ ಬಿದ್ದ ಮನುಷ್ಯ ಅಲ್ಲ. ಅಪ್ಪ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಮದರಾಸಿನಲ್ಲಿ ಓದಿ, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತವರು. 1915ರಲ್ಲಿ ವಾಪಸು ಬಂದು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಸೇರಿದರು. ಕೋಲಾರದ ಚಿನ್ನದ ಗಣಿ ಕಡೆಯೂ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅದನ್ನೆಲ್ಲ ಬಿಟ್ಟು ನಾಟಕದ ಹಿಂದೆ ಬಿದ್ದರು. ಮಾರ್ಕ್ಸು ತೆಗೆದು ನೋಡಿದವರೇ ಮಾರ್ಕ್ಸನ್ನು ನೋಡಿ ನಕ್ಕರು. ಆ ನಾಟಕ ಬರೆದವರ ಬದುಕನ್ನು ನಾವು ಮೂರು ಅಂಕಕ್ಕೆ ಬಾಯಿಪಾಠ ಮಾಡಿಸುತ್ತಿದ್ದೇವೆ.

ಆ ರಾಜ್ಯೋತ್ಸವ ಆದ ಮೇಲೆ ನಾನು ಬೇರೆ ದಾರಿ ಹಿಡಿದೆ. ಹೇಗೆ ಅಂತ ಹೇಳುತ್ತೇನೆ. ನಿಮಗೆ ಉಪಯೋಗಕ್ಕೆ ಬಂದರೆ ಬರಲಿ.

ಮೊದಲು ಹಾಡು. ಇಂಗ್ಲಿಷಿನಲ್ಲಿ ಕಾನ್‌ಸ್ಟಾಂಟಿನೋಪಲ್ ಅನ್ನುವ ಊರಿನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಹಳೆಯ ಹಾಡೊಂದಿದೆ. ಆ ಧಾಟಿ ಹಿಡಿದು ಕೈಲಾಸಂ 'ಕೋಳಿಕೆ ರಂಗ' ಕಟ್ಟಿದರು. ಹಳ್ಳಿಯವನು ತನ್ನ ಹೆಸರಿನ ಅಕ್ಷರ ಬಿಡಿಸುತ್ತಾನೆ: ಕೋ, ಳಿ, ಕೆ, ರ, ಸೊನ್ನೆ, ಗ. ಇಂಗ್ಲಿಷಿನ ಸ್ಪೆಲ್ಲಿಂಗ್ ಆಟವನ್ನು ಕನ್ನಡದ ಸೊನ್ನೆಗೆ ತಂದು ಕೂರಿಸಿದ್ದಾರೆ. ಅದು ನಗು ತರಿಸುತ್ತದೆ, ಜೊತೆಗೆ ಜಾಣತನವೂ ಹೌದು. ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತಿದ್ದ ಟಿಪ್ಪರರಿ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿ ಆಯಿತು. ಐರ್ಲೆಂಡಿನ ಊರು ನಮ್ಮ ಕಡೆಯ ಹಳ್ಳಿಯಾಗಿ ಬಿಟ್ಟಿತು!

ಹಾಡು ಹೇಳಿಕೊಟ್ಟು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಹೆಸರು, ನಿಮ್ಮ ಊರು ಸೇರಿಸಿ ಅದೇ ಧಾಟಿಯಲ್ಲಿ ಬಿಡಿಸಿ ಹಾಡಿ. ಆ ಪೀರಿಯಡ್ಡಿನಲ್ಲಿ ಕೊಂಬು, ಒತ್ತು, ಅರ್ಕಾವೊತ್ತು ಎಲ್ಲ ಕ್ಲಾಸಿನಲ್ಲಿ ಕುಣಿದಾಡಿದವು. ಕಾಗುಣಿತ ತಪ್ಪುವ ಒಬ್ಬ ಹುಡುಗ ತನ್ನ ಹೆಸರಿನ ದೀರ್ಘವನ್ನು ಮೊದಲ ಸಲ ಸರಿಯಾಗಿ ಹಾಕಿದ್ದು ಅವತ್ತು, ಯಾಕೆಂದರೆ ದೀರ್ಘ ಬಿಟ್ಟರೆ ತಾಳ ತಪ್ಪುತ್ತಿತ್ತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಂದು "ಏನ್ರೀ ಮೇಡಂ ಗಲಾಟೆ" ಅಂದರು. ಆಮೇಲೆ ಅವರೂ ಬಾಗಿಲಲ್ಲೇ ನಿಂತರು.

ಆಮೇಲೆ ಮಾತು. ಕೈಲಾಸಂ ನಾಟಕಗಳನ್ನು ಕಣ್ಣಲ್ಲಿ ಓದುವುದು ಕಷ್ಟ, ದೊಡ್ಡವರಿಗೂ ಕಷ್ಟ. 'ನಮ್ ಬ್ರಾಹ್ಮಣ್ಕೆ', 'ನಮ್ ಕಂಪ್ನಿ', 'ತಾಳಿ ಕಟ್ಟೋಕ್ ಕೂಲೀನೇ', ಹೆಸರುಗಳೇ ಹೀಗೆ. ಮನೆಯಲ್ಲಿ ಮಾತಾಡುವಾಗ ನುಂಗುವ ಅಕ್ಷರವನ್ನು ಅವರು ಕಾಗದದ ಮೇಲೂ ನುಂಗಿಸಿದರು. ನಡುನಡುವೆ ಬೆಂಗಳೂರು, ಮೈಸೂರಿನ ಓದಿದವರ ಬಾಯಲ್ಲಿ ಬರುತ್ತಿದ್ದ ಅರೆಬರೆ ಇಂಗ್ಲಿಷು. ಪುಸ್ತಕ ಕೈಗೆ ಕೊಟ್ಟು "ಮನಸ್ಸಿನಲ್ಲೇ ಓದಿ" ಅಂದರೆ ಮಕ್ಕಳು ಎರಡು ಸಾಲಿಗೆ ಕೈಬಿಡುತ್ತಾರೆ. ಜೋರಾಗಿ ಓದಿಸಿ, ಆಗ ನೋಡಿ. ಸುಮ್ನೆ ಅಲ್ಲ, ಈ ನಾಟಕಗಳು ಹುಟ್ಟಿದ್ದೇ ಬಾಯಿಂದ. ಕೈಲಾಸಂ ಕೂತು ಬರೆಯುವವರಲ್ಲ. ಅವರು ಆಡುತ್ತಾ ಹೋಗುವುದು, ಗೆಳೆಯರು, ಶಿಷ್ಯರು ಬರೆದುಕೊಳ್ಳುವುದು. ಬಾಯಲ್ಲಿ ಹುಟ್ಟಿದ್ದನ್ನು ಬಾಯಲ್ಲೇ ಓದಬೇಕು ಅಂದಾಗ ಮಕ್ಕಳಿಗೆ ಅದು ತಟ್ಟನೆ ಅರ್ಥವಾಗುತ್ತದೆ.

ನಮ್ಮದು ಆಂಧ್ರದ ಗಡಿ. ನನ್ನ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ತೆಲುಗು. ಕನ್ನಡ ಪೀರಿಯಡ್ಡಿನಲ್ಲಿ ಬಾಯಿ ಬಿಡೋಕೆ ಅಂಜುತ್ತಾರೆ, ತಪ್ಪಾದರೆ ನಗ್ತಾರೆ ಅಂತ. ಕೈಲಾಸಂ ಅವರ ಮನೆಮಾತು ತಮಿಳು ಅಂತ ಹೇಳಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಅವ್ರ ಮನೇಲೂ ಕನ್ನಡ ಇರ್ಲಿಲ್ವಾ ಮಿಸ್?" ಅಂದಳು. ಇರಲಿಲ್ಲ ಅಂದೆ. ಬೀದಿಯಲ್ಲಿ, ಅಂಗಡಿಯಲ್ಲಿ, ಗೆಳೆಯರ ಮನೆಯಲ್ಲಿ ಕಿವಿಗೆ ಬಿದ್ದ ಕನ್ನಡವನ್ನೇ ರಂಗದ ಮೇಲೆ ತಂದರು ಅಂದೆ. "ಕನ್ನಡಕ್ಕೊಬ್ಬನೇ ಕೈಲಾಸಂ" ಅಂತ ಕನ್ನಡದವರೇ ಕರೆದರು ಅಂದೆ. ಅವಳು ಏನೂ ಹೇಳದೆ ಕೂತಳು. ಮಾರನೇ ದಿನ ಬೋರ್ಡಿನ ಹತ್ತಿರ ಬಂದು ಓದೋಕೆ ಮೊದಲು ಕೈ ಎತ್ತಿದ್ದು ಅವಳೇ. ಈ ಒಂದು ಸಂಗತಿ ಪಠ್ಯಪುಸ್ತಕದ ಯಾವ ಲೇಖಕರ ಪರಿಚಯದ ಚೌಕದಲ್ಲಾದರೂ ಇರುತ್ತದಾ ಅಂತ ಹುಡುಕಿ ನೋಡಿ.

ಇನ್ನು ನಾನು ಮಾಡಿದ ತಪ್ಪಿನ ವಿಷಯ.

ಅದೇ ವಾರ ಹಿಂದಿನ ಬೆಂಚಿನ ಹುಡುಗ, ಪ್ರಸಾದ ಅಂದವನೇ, ಎದ್ದು ಕೇಳಿದ: "ಮಿಸ್, ಅವ್ರು ತುಂಬಾ ಕುಡೀತಿದ್ರಂತೆ? ನಮ್ಮ ತಾತ ಹೇಳ್ತು." ನನಗೆ ಗಾಬರಿಯಾಯಿತು. "ಕೂತ್ಕೊಳೋ, ಪರೀಕ್ಷೆಗೆ ಬರೋದು ಕೇಳು" ಅಂತ ಗದರಿದೆ. ಅವನು ಕೂತ. ಅವನ ಮುಖ ನೋಡಿದಾಗ ಏನೋ ತಪ್ಪು ಮಾಡಿದೆ ಅನ್ನಿಸಿತು. ಆದರೂ ಸುಮ್ಮನಾದೆ.

ಕೈಲಾಸಂ ಕುಡಿಯುತ್ತಿದ್ದರು. ಸಿಗರೇಟು ಸೇದುತ್ತಿದ್ದರು. ದುಡ್ಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಮೈ ಮೇಲೆ ನಿಗಾ ಇರಲಿಲ್ಲ. ಅವರನ್ನು ಪ್ರೀತಿಸಿದವರೇ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ನಾವು ಮಾತ್ರ ಮಕ್ಕಳ ಮುಂದೆ ಸಾಹಿತಿಗಳನ್ನೆಲ್ಲ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ನಿಲ್ಲಿಸುತ್ತೇವೆ. ಎಲ್ಲರೂ ಒಂದೇ ತರಹ ಕಾಣುತ್ತಾರೆ. ಛದ್ಮವೇಷದಲ್ಲಿ ಬೇಂದ್ರೆಗೂ ಕಾರಂತರಿಗೂ ಒಂದೇ ಬಿಳಿ ಗಡ್ಡ ಅಂಟಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಎರಡು ದಿನ ಬಿಟ್ಟು ಕ್ಲಾಸಿನಲ್ಲಿ ಹೇಳಿದೆ. ಅವನು ಕೇಳಿದ್ದು ನಿಜ, ನಾನು ಗದರಬಾರದಿತ್ತು. ಅವರು ಕುಡಿಯುತ್ತಿದ್ದರು, ಅದರಿಂದ ಅವರಿಗೆ ಒಳ್ಳೆಯದೇನೂ ಆಗಲಿಲ್ಲ. ಕುಡಿದದ್ದರಿಂದ ನಾಟಕ ಬರೆದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುಡಿತ ಇದ್ದರೂ ಬರೆದರು, ಅಷ್ಟೇ. ಒಂದು ಮಗುವೂ ನಗಲಿಲ್ಲ.

ಅವತ್ತು ನೀರಿನ ಟ್ಯಾಂಕಿನ ಹತ್ತಿರ ಆ ಹುಡುಗ ಬಂದು ನಿಂತ. "ನಮ್ಮಪ್ಪನೂ ಕುಡೀತಾನೆ ಮಿಸ್. ಆದ್ರೆ ಕುರುಕ್ಷೇತ್ರದಲ್ಲಿ ಭೀಮನ ಪಾರ್ಟು ಮಾಡ್ತಾನೆ. ನಾಟಕ ಇರೋ ದಿನ ಕುಡಿಯಲ್ಲ."

ನಮ್ಮ ತುಮಕೂರು ಸೀಮೆ ನಿಮಗೆ ಗೊತ್ತಲ್ಲ. ಹಬ್ಬ, ಜಾತ್ರೆ ಬಂದರೆ ಊರೂರಲ್ಲೂ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿಸುತ್ತಾರೆ. ಡ್ರೆಸ್ಸು, ಸೀನು ಬಾಡಿಗೆಗೆ ತರುತ್ತಾರೆ. ರಾತ್ರಿ ಶುರುವಾದರೆ ಬೆಳಗಿನ ಜಾವ ಮುಗಿಯುತ್ತದೆ. ನನಗೆ ಥಟ್ಟನೆ ಹೊಳೆಯಿತು. "ನಿಮ್ಮಪ್ಪನ್ನ ಒಂದು ದಿನ ಸ್ಕೂಲಿಗೆ ಕರ್ಕೊಂಡು ಬರ್ತೀಯಾ? ಬೈಯೋಕಲ್ಲ" ಅಂದೆ.

ಬಂದರು. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಭೀಮನ ಮಾತು ಹೇಳಿ ಅಂದಾಗ ಮೊದಲು ನಾಚಿಕೊಂಡರು. ಆಮೇಲೆ ಒಂದು ಹೆಜ್ಜೆ ಮುಂದೆ ಇಟ್ಟು ಶುರು ಮಾಡಿದರು ನೋಡಿ, ಕಿಟಕಿ ಅದುರಿತು. "ಎಲವೋ ದುಶ್ಶಾಸನಾ!" ಅಂತ ಒಂದು ಕೂಗಿಗೆ ಎಂಟನೇ ಕ್ಲಾಸಿನ ಮಕ್ಕಳೂ ಓಡಿಬಂದು ಕಿಟಕಿಗೆ ಜೋತುಬಿದ್ದರು.

ಆಗ ಹೇಳಿದೆ: ಕೈಲಾಸಂ ಬಂದಾಗ ಕನ್ನಡ ರಂಗಭೂಮಿ ಹೆಚ್ಚುಕಮ್ಮಿ ಹೀಗಿತ್ತು. ಕಂಪನಿ ನಾಟಕಗಳ ಕಾಲ. ನಟ ವರದಾಚಾರ್ಯರ ಕಂಠಕ್ಕೆ ಜನ ಮರುಳಾಗಿದ್ದ ಕಾಲ. ರಾಜ, ರಾಣಿ, ಪುರಾಣ, ಗ್ರಂಥದ ಮಾತು, ಹಾಡಿನ ಮೇಲೆ ಹಾಡು, ಜನ "ಒನ್ಸ್ ಮೋರ್" ಅಂದರೆ ಮತ್ತೆ ಅದೇ ಹಾಡು. ಅದರ ಮುಂದೆ ಕೈಲಾಸಂ ತಂದಿಟ್ಟದ್ದು ಒಂದು ಮನೆಯ ನಡುಮನೆ. ಅಲ್ಲಿ ಅಪ್ಪ, ಅಮ್ಮ, ಮಕ್ಕಳು, ನೆಂಟರು. ಕಾಫಿ, ಜಗಳ, ಸಾಲ, ಮದುವೆ ಮಾತು. ಎದೆ ಸೆಟೆಸಿ ಕೂಗೋಕೆ ಜಾಗವೇ ಇಲ್ಲ.

ಇದು ಮಕ್ಕಳಿಗೆ ಎಷ್ಟು ಮುಟ್ಟಿತೋ ಗೊತ್ತಾಗಲಿಲ್ಲ. ಅದಕ್ಕೆ ಭೀಮನ ಪಾತ್ರಧಾರಿಯ ಕೈಗೆ 'ಟೊಳ್ಳುಗಟ್ಟಿ'ಯ ಒಂದು ಹಾಳೆ ಕೊಟ್ಟು ಅಪ್ಪನ ಪಾತ್ರ ಓದಿ ಅಂದೆ. ಅವರು ಗಂಟಲು ಸರಿಮಾಡಿಕೊಂಡು ಅದನ್ನೂ ಭೀಮನ ಧ್ವನಿಯಲ್ಲೇ ಓದಿದರು! ಮನೆಯಲ್ಲಿ ಆಡುವ ಸಾದಾ ಮಾತು ಗದಾಯುದ್ಧವಾಯಿತು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವರ ಮಗ ಎಲ್ಲರಿಗಿಂತ ಜಾಸ್ತಿ ನಕ್ಕ. ಅವರೂ ನಕ್ಕು, "ಇದು ನಮ್ಮ ಮನೇಲಿ ಮಾತಾಡ್ದಂಗೈತಲ್ಲ ಮೇಡಂ, ಇದಕ್ಕೆ ಪಾರ್ಟು ಹೆಂಗೆ ಮಾಡೋದು?" ಅಂದರು. ಕೈಲಾಸಂ ಏನು ಮಾಡಿದರು ಅನ್ನೋದನ್ನು ನಾನು ಒಂದು ತಿಂಗಳು ಪಾಠ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳೋಕೆ ಆಗುತ್ತಿರಲಿಲ್ಲ. ಎರಡನೇ ಸಲ ಅವರು ಮೆಲ್ಲಗೆ ಓದಿದರು, ಮಗನ ಕಡೆ ನೋಡುತ್ತಾ. ಆಗ ಯಾರೂ ನಗಲಿಲ್ಲ.

ಆ ವರ್ಷ ಎಫ್‌ಎ (ವರ್ಷದ ನಡುವಿನ ಮೌಲ್ಯಮಾಪನ) ಚಟುವಟಿಕೆಗೆ ಮಕ್ಕಳಿಗೆ ನಾನು ಕೊಟ್ಟದ್ದು ಒಂದೇ ಕೆಲಸ. ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಐದು ನಿಮಿಷ ನಿಂತು, ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆದು ತನ್ನಿ. ಒಬ್ಬಳು ಕಂಡಕ್ಟರನ ಮಾತು ತಂದಿದ್ದಳು: "ಆಧಾರ್ ತೋರ್ಸಮ್ಮಾ. ಇದು ನೀನೇನಾ? ಫೋಟೋದಲ್ಲಿ ಬೇರೆ ತರ ಇದೀಯ." ಅದಕ್ಕೆ ಅಜ್ಜಿ: "ಅದ್ರಾಗೆ ನಂಗೆ ಹಲ್ಲಿದ್ವಪ್ಪ." ಎರಡೇ ಸಾಲು. ನಾನು ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಎಲ್ಲ ನಾಟಕವೂ ಎಲ್ಲ ವಯಸ್ಸಿಗೂ ಅಲ್ಲ, ಅದು ನನಗೂ ಗೊತ್ತು. 'ಸೂಳೆ' ಹೈಸ್ಕೂಲಿಗೆ ಬೇಡ, ಕಾಲೇಜಿಗೆ ಇರಲಿ. ಆದರೆ 'ತಾಳಿ ಕಟ್ಟೋಕ್ ಕೂಲೀನೇ' ಯಾಕೆ ಬೇಡ? ಹೆಸರು ಬೋರ್ಡಿನ ಮೇಲೆ ಬರೆದ ಕೂಡಲೇ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರದಕ್ಷಿಣೆಯ ಬಗ್ಗೆ ನಾವು ಬರೆಸುವ ಪ್ರಬಂಧಗಳು, ಅವೇ ಪೀಠಿಕೆ, ಅವೇ ಉಪಸಂಹಾರ, ಈ ಮೂರು ಪದದ ಮುಂದೆ ಸಪ್ಪೆ. ಊರೆಲ್ಲ ಪೋಲಿ ಅನ್ನುವ ಹುಡುಗನೊಳಗೆ ಎಂಥ ಮನಸ್ಸಿದೆ ಅಂತ ತೋರಿಸುವ 'ಪೋಲಿ ಕಿಟ್ಟಿ' ಏಳನೇ ಕ್ಲಾಸಿಗೂ ಸರಿ. ಅವರು ಇಂಗ್ಲಿಷಿನಲ್ಲಿ ಬರೆದ ಏಕಲವ್ಯನ ನಾಟಕದ ಕಥೆಯನ್ನು ಇನ್ನೂ ಚಿಕ್ಕವರಿಗೂ ಹೇಳಬಹುದು. ಅದರಲ್ಲಿ ಅರ್ಜುನನಿಗೆ ಲೋಕದಲ್ಲೇ ದೊಡ್ಡ ಬಿಲ್ಲುಗಾರ ಆಗಬೇಕು. ಏಕಲವ್ಯನಿಗೆ ಬಿಲ್ಲುವಿದ್ಯೆ ಬೇಕಾದದ್ದು ಕಾಡಿನ ಜಿಂಕೆ ಮರಿಗಳನ್ನು ತೋಳಗಳಿಂದ ಉಳಿಸೋಕೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಆರನೇ ಕ್ಲಾಸಿನ ಒಂದು ಮಗು ಕೇಳಿತು, "ಹೆಬ್ಬೆರಳು ಕೊಟ್ಮೇಲೆ ಜಿಂಕೆಗಳ ಕಥೆ ಏನಾಯ್ತು ಮಿಸ್?" ನನಗೆ ಉತ್ತರ ಬಾಯಿಗೆ ಬರಲಿಲ್ಲ. ನೀವಾದರೂ ಅಂಥ ಪ್ರಶ್ನೆಯನ್ನು ಪಾಠದ ಕೊನೆಯ ಅಭ್ಯಾಸದಲ್ಲಿ ಹಾಕಿ ನೋಡಿ.

ಹಕ್ಕುಸ್ವಾಮ್ಯದ ತೊಂದರೆ ಇದೆ ಅಂತ ಯಾರೋ ಒಂದು ತರಬೇತಿಯಲ್ಲಿ ಹೇಳಿದರು. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ, ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳಿಗೆ ಯಾರ ಅಪ್ಪಣೆಯೂ ಬೇಡ. ಕೈಲಾಸಂ ವಿಷಯದಲ್ಲಿ ಆ ಲೆಕ್ಕ 2006ಕ್ಕೇ ಮುಗಿದಿದೆ.

ನಾನು ಕೇಳುವುದು ದೊಡ್ಡದೇನಲ್ಲ. ನಾಟಕದ ಪಾಠ ಇದ್ದಲ್ಲಿ ಎರಡು ಪೀರಿಯಡ್ಡು ಜೋರಾಗಿ ಓದುವುದಕ್ಕೆ ಅಂತಲೇ ಬಿಡಿ, ಮತ್ತು ಅದನ್ನು ಪಾಠಯೋಜನೆಯಲ್ಲಿ ಬರೆಯಿರಿ. ಬರೆದಿಲ್ಲದಿದ್ದರೆ ನಮ್ಮ ಮೇಲಿನವರು "ಪೋರ್ಷನ್ ಯಾಕೆ ಮುಗಿದಿಲ್ಲ" ಅಂತ ಕೇಳುತ್ತಾರೆ. ಮೂರು ಅಂಕದ ಆ ಪ್ರಶ್ನೆಯನ್ನು ತೆಗೆಯಿರಿ ಅಂತ ಹೇಳುವಷ್ಟು ದೊಡ್ಡವಳು ನಾನಲ್ಲ, ಪ್ರಶ್ನೆಪತ್ರಿಕೆಯ ನೀಲನಕ್ಷೆಯ ಕಷ್ಟ ನನಗೂ ಗೊತ್ತು. ಆದರೆ ಸ್ಥಳ, ಕಾಲ, ಬಿರುದು ಕೇಳುವ ಬದಲು ಇವರ ಬದುಕಿನಲ್ಲಿ ನಿನಗೆ ನೆನಪಿರುವ ಒಂದು ಸಂಗತಿ ಬರೆ, ಅದು ಯಾಕೆ ನೆನಪಿದೆ ಹೇಳು ಅಂತ ಕೇಳಬಹುದಲ್ವಾ? ತಿದ್ದೋಕೆ ಸ್ವಲ್ಪ ಕಷ್ಟ, ಹೌದು. ನಾವು ತಿದ್ದುತ್ತೇವೆ.

ಲೇಖಕರ ಪರಿಚಯಕ್ಕೆ ಪುಟದಲ್ಲಿ ಇರುವುದೇ ಆರು ಸಾಲು, ಇದಕ್ಕೆಲ್ಲ ಜಾಗ ಎಲ್ಲಿ ಅಂತ ನೀವು ಕೇಳಬಹುದು. ಬಿರುದಿನ ಸಾಲು ತೆಗೆದು ಅಲ್ಲಿ "ಮನೆಮಾತು ತಮಿಳು, ನಾಟಕ ಬರೆದದ್ದು ಬೀದಿಯ ಕನ್ನಡದಲ್ಲಿ" ಅಂತ ಹಾಕಿ. ಅಷ್ಟಕ್ಕೆ ಜಾಗ ಸಾಕು.

ಇಂತಿ,
ಪಾವಗಡ ತಾಲ್ಲೂಕಿನ ಒಬ್ಬ ಕನ್ನಡ ಮಿಸ್